ಕೆಮ್ಮದ ಮನೆ

ಆ ಕೋಣೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ. ಸೀನುತ್ತಿರಲಿಲ್ಲ, ಬಾಗಿಲನ್ನು ದಡಾರನೆ ತೆರೆಯುತ್ತಿರಲಿಲ್ಲ, ಮನಸ್ಸಿಗೆ ಬೇಜಾರಾದರೂ ನಿಟ್ಟುಸಿರು ಬಿಡುತ್ತಿರಲಿಲ್ಲ. ನಗು ತಡೆಯಲಾರದವರು ಎದ್ದು ಅಂಗಳಕ್ಕೆ ಹೋಗಿ, ಹೊಟ್ಟೆತುಂಬ ನಕ್ಕು, ಮುಖ ಒರೆಸಿಕೊಂಡು ಬರಬೇಕಿತ್ತು. ಅದು ಚಿನ್ನದ ರೇಕು ಎತ್ತುವ ಕೋಣೆ. ಸುತ್ತಿಗೆಯಲ್ಲಿ ಬಡಿದು ಬಡಿದು ತೆಳುವಾಗಿಸಿದ ಚಿನ್ನವನ್ನು ಬೆಳಕಿಗೆ ಹಿಡಿದರೆ ಆಚೆಗಿರುವ ಬೆರಳು ಹಸಿರಾಗಿ ಕಾಣುತ್ತದೆ. ಮುಟ್ಟಿದರೆ ಬೆರಳಿಗೇ ಅಂಟಿ ಮಾಯವಾಗುತ್ತದೆ. ಎದುರಿಗೆ ಕೂತವರು ಸ್ವಲ್ಪ ಜೋರಾಗಿ ಉಸಿರು ಬಿಟ್ಟರೆ ಸಾಕು, ಮುದುಡಿಕೊಂಡು ಮೂಲೆ ಸೇರುತ್ತದೆ.

ಹಾಗಾಗಿ ಆ ಕೋಣೆಯ ಕಿಟಕಿಯ ಸಂದುಗಳಿಗೆ ಮನೆಯ ಹಿರಿಯನ ಕಾಲದಲ್ಲೇ ಕಾಗದ ಅಂಟಿಸಿದ್ದರು. ಅದರ ಮೇಲೆ ಅವನ ಮಗ ಇನ್ನೊಂದು ಪದರ ಅಂಟಿಸಿದ್ದ. ಬಾಗಿಲಿಗೆ ದಪ್ಪ ಕಂಬಳಿಯ ಪರದೆ. ಫ್ಯಾನಿಗೆಂದು ಚಾವಣಿಯಲ್ಲಿ ಬಿಟ್ಟಿದ್ದ ಕೊಕ್ಕೆಗೆ ಫ್ಯಾನಿನ ಮುಖ ನೋಡುವ ಯೋಗವೇ ಬಂದಿರಲಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಮಗ ಬೆಳಗಿನಿಂದ ಸುತ್ತಿಗೆ ಬಡಿಯುತ್ತಿದ್ದ. ಒಳಗೆ ಅತ್ತೆ ಮತ್ತು ಸೊಸೆ ಎದುರುಬದುರು ಕೂತು ರೇಕು ಎತ್ತಿ, ಅಂಚು ಕತ್ತರಿಸಿ, ಕಾಗದದ ನಡುವೆ ಮಲಗಿಸುತ್ತಿದ್ದರು. ಚಿತ್ರದ ಚೌಕಟ್ಟು, ಅಂಗಡಿಯ ಬೋರ್ಡು, ದೊಡ್ಡ ಕಟ್ಟಡಗಳ ಚಾವಣಿಯ ಹೂಬಳ್ಳಿ, ಎಲ್ಲೆಲ್ಲಿ ಚಿನ್ನ ಮಿನುಗಬೇಕೋ ಅಲ್ಲಿಗೆಲ್ಲ ಅವರ ಕೈಯ ರೇಕು ಹೋಗುತ್ತಿತ್ತು.

ಅತ್ತೆಯ ಕೈ ಅಂದರೆ ಕೈ. ಬಿದಿರಿನ ಚಿಮಟದಲ್ಲಿ ರೇಕನ್ನು ಎತ್ತಿ ತೊಗಲಿನ ಮೆತ್ತೆಯ ಮೇಲೆ ಇಳಿಸಿ, ತುಟಿ ಮುಂದೆ ಮಾಡಿ, ನಟ್ಟನಡುವೆ ಒಂದು ಉಸಿರು ಬಿಡುತ್ತಿದ್ದಳು. ಊದುವುದೂ ಅಲ್ಲ ಅದು. 'ಪ' ಅನ್ನಲು ಹೋಗಿ ಅರ್ಧಕ್ಕೆ ನಿಲ್ಲಿಸಿದ ಹಾಗೆ. ಸುಕ್ಕಾಗಿದ್ದ ಚಿನ್ನ ಆ ಉಸಿರಿಗೆ ನೀರಿನಂತೆ ಹರಡಿ ಚಪ್ಪಟೆಯಾಗುತ್ತಿತ್ತು. ಸೊಸೆಗೆ ಅದು ಇಷ್ಟು ವರ್ಷವಾದರೂ ಪೂರ್ತಿ ಒಲಿದಿರಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಬೇಕರಿಯವನ ಮನೆಯಲ್ಲಿ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುವವರು, ನಕ್ಕರೆ ಬೀದಿಗೆ ಕೇಳಬೇಕು. ಮದುವೆಯಾದ ಹೊಸತರಲ್ಲಿ ಒಮ್ಮೆ ಈ ಕೋಣೆಯಲ್ಲಿ ಸೀನಿಬಿಟ್ಟಿದ್ದಳು. ಮೆತ್ತೆಯ ಮೇಲಿದ್ದ ರೇಕೆಲ್ಲ ಎದ್ದು ಅತ್ತೆಯ ತಲೆಗೂದಲಿಗೆ ಅಂಟಿಕೊಂಡಿತ್ತು.

"ನಿಮ್ಮಪ್ಪನ ಮನೇಲಿ ಹಾರಿದ್ರೆ ಹಿಟ್ಟು ಹಾರ್ತಿತ್ತು ಕಣೇ," ಅಂದಿದ್ದಳು ಅತ್ತೆ, ದನಿ ಒಂದಿಷ್ಟೂ ಏರಿಸದೆ. "ಇಲ್ಲಿ ಹಾರೋದು ನಮ್ಮ ಅನ್ನ."

ಆಮೇಲೆ ಕೂರಿಸಿಕೊಂಡು ಕಲಿಸಿದ್ದಳು. ಕೆಮ್ಮು ಬಂತು ಅನ್ನಿಸಿದರೆ ಬಾಯಿ ಮುಚ್ಚಬೇಕು, ನಾಲಿಗೆಯನ್ನು ಅಂಗುಳಕ್ಕೆ ಒತ್ತಬೇಕು, ಗದ್ದ ಎದೆಗೆ ತರಬೇಕು, ನುಂಗಬೇಕು. "ಅದೇನು ಬೆಂಕಿನಾ? ನುಂಗಿದ್ರೆ ಹೋಗತ್ತೆ." ಬೀದಿಯಲ್ಲಿ ಯಾರಾದರೂ ಕೆಮ್ಮಿಕೊಂಡು ಹೋದರೆ ಅತ್ತೆ ಮುಖ ಸಿಂಡರಿಸುತ್ತಿದ್ದಳು. ಅವಳ ಲೆಕ್ಕದಲ್ಲಿ ಕೆಮ್ಮುವವರು ಕಾಯಿಲೆಯವರಲ್ಲ, ಸಂಸ್ಕಾರ ಇಲ್ಲದವರು. "ನಮ್ಮನೇಲಿ ಯಾರೂ ಕೆಮ್ಮಲ್ಲ" ಅನ್ನುವ ಮಾತನ್ನು ಆ ಮನೆಯವರು, ಬೇರೆಯವರು ಮನೆತನದ ಹೆಸರು ಹೇಳಿಕೊಳ್ಳುವ ಹಾಗೆ ಹೇಳಿಕೊಳ್ಳುತ್ತಿದ್ದರು.

ಎದುರುಬದುರು ಕೂತು ಕೆಲಸ ಮಾಡುವವರಿಗೆ ಒಬ್ಬರ ಮುಖ ಇನ್ನೊಬ್ಬರಿಗೆ ಬಾಯಿಪಾಠವಾಗಿರುತ್ತದೆ. ಅತ್ತೆಯ ಗಂಟಲು ಪದೇ ಪದೇ ಏರಿ ಇಳಿಯುವುದನ್ನು ಮೊದಲು ಕಂಡವಳು ಸೊಸೆಯೇ. ಮೊದಮೊದಲು ಎಂಜಲು ನುಂಗುತ್ತಿದ್ದಾಳೆ ಅಂದುಕೊಂಡಳು. ಆಮೇಲೆ ಅತ್ತೆಯ ಭುಜದ ಮೂಳೆ ಬಟ್ಟೆಯೊಳಗಿಂದ ಎದ್ದು ಕಾಣತೊಡಗಿತು. ಬಳೆ ಮೊಣಕೈವರೆಗೆ ಜಾರತೊಡಗಿತು. ಸಂಜೆಯಾದರೆ ಕೆನ್ನೆ ಕೆಂಪಗೆ, ಕಣ್ಣು ಹೊಳಪು. ಬೆಳಗ್ಗೆ ಹಾಸಿಗೆ ಮಡಚಲು ಹೋದರೆ ದಿಂಬು ಒದ್ದೆ.

"ಅತ್ತೆ, ಒಂದ್ಸಲ ಆಸ್ಪತ್ರೆಗೆ ಹೋಗಿ ಬರೋಣ್ವಾ?"

"ಯಾಕೆ, ನಿನಗೇನಾಗಿದೆ?"

"ನನಗಲ್ಲ. ನಿಮಗೆ."

"ನನಗೆ ವಯಸ್ಸಾಗಿದೆ. ಅದಕ್ಕೆ ಮಾತ್ರೆ ಕೊಡ್ತಾರಾ ಕೇಳ್ಕೊಂಡು ಬಾ, ಇಬ್ಬರೂ ತಗೊಳ್ಳೋಣ."

ಕೊನೆಗೆ ಮಗನೇ ಸುತ್ತಿಗೆ ಕೆಳಗಿಟ್ಟು ಬಂದು "ಹೋಗಿ ಬಾಮ್ಮ, ಇವಳ ಬಾಯಿ ಮುಚ್ಚಲಿ" ಅಂದ ಮೇಲೆ ಅತ್ತೆ ಹೊರಟಳು. ಬೀದಿಯ ಕೊನೆಯಲ್ಲಿದ್ದ ಆರೋಗ್ಯ ಕೇಂದ್ರ ಜನರಿಂದ ಗಿಜಿಗುಡುತ್ತಿತ್ತು. ಅಲ್ಲಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಕಫ ಪರೀಕ್ಷೆಗೆ ಬರೆದುಕೊಟ್ಟರು. ಮುಚ್ಚಳದ ಡಬ್ಬಿ ಕೊಟ್ಟ ಹುಡುಗ ಸರಿಯಾಗಿಯೇ ಹೇಳಿದ. "ಅಮ್ಮ, ಚೆನ್ನಾಗಿ ಉಸಿರು ಎಳ್ಕೊಂಡು, ಎದೆಯಿಂದ ಕೆಮ್ಮಿ ಕಫ ತೆಗೀಬೇಕು. ಬಾಯಿನ ಎಂಜಲು ಆಗಲ್ಲ. ಆ ಕಡೆ ಗೋಡೆ ಹಿಂದೆ ಹೋಗಿ, ಗಾಳಿ ಇದೆ."

ಗೋಡೆಯ ಹಿಂದೆ ಗಾಳಿಯೂ ಇತ್ತು, ಜನರೂ ಇದ್ದರು. ಅತ್ತೆ ಶಾಲನ್ನು ಬಾಯಿಗೆ ಅಡ್ಡ ಹಿಡಿದು ನಿಂತಳು. ಅವಳ ಎದೆ ಎದ್ದಿತು, ಗಂಟಲು ಮೇಲಕ್ಕೆ ಬಂತು. ಇನ್ನೇನು ಬಂತು ಅನ್ನುವಷ್ಟರಲ್ಲಿ ಗದ್ದ ತಾನಾಗಿ ಎದೆಗೆ ಹೋಯಿತು. ಗಂಟಲು ಕೆಳಗಿಳಿಯಿತು. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಅದೇ. ಒಂದು ಇಡೀ ಆಯಸ್ಸು ಕಲಿತದ್ದನ್ನು ಗೋಡೆಯ ಹಿಂದೆ ಹೋಗಿ ಮರೆತು ಬಾ ಅಂದರೆ ಮೈ ಕೇಳುತ್ತದೆಯೇ? ಕೊನೆಗೆ ಬಾಯಲ್ಲಿ ಇದ್ದದ್ದನ್ನು ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದಳು.

ಹುಡುಗ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದ. "ಇದು ಎಂಜಲೇ ಇದ್ದ ಹಾಗಿದೆ. ನಾಳೆ ಬೆಳಗ್ಗೆ ಎದ್ದ ತಕ್ಷಣ ಇನ್ನೊಂದು ತನ್ನಿ."

ಮರುದಿನ ಬೆಳಗ್ಗೆ ಅತ್ತೆ ಡಬ್ಬಿ ಹಿಡಿದು ಬಚ್ಚಲಿಗೆ ಹೋದಳು. ಸೊಸೆ ಹೊರಗೆ ನಿಂತಿದ್ದಳು. ನಲ್ಲಿಯಿಂದ ನೀರು ಬೀಳುವ ಸದ್ದು ಕೇಳಿತು. ಅದು ಬಿಟ್ಟರೆ ಏನೂ ಕೇಳಲಿಲ್ಲ. ಬಾಗಿಲು ತೆರೆದು ಬಂದ ಅತ್ತೆ ಡಬ್ಬಿಯನ್ನು ಅವಳ ಕೈಗಿಟ್ಟಳು. ಒಳಗಿದ್ದದ್ದು ತಿಳಿಯಾಗಿತ್ತು, ಮೇಲೆ ನೊರೆ.

ಸೊಸೆಗೆ ಗೊತ್ತಾಯಿತು. ಗೊತ್ತಾಗಿಯೂ ಅವಳು ಡಬ್ಬಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು. ಆಗ ನಾಟಕಮಂದಿರದ ಚಾವಣಿಯ ಕೆಲಸ ಕೈಯಲ್ಲಿತ್ತು, ಅದನ್ನು ಒಪ್ಪಿಸಿದ್ದ ಚೌಕಟ್ಟಿನ ಅಂಗಡಿಯವನು ಬಂದು ಬಂದು ಹೋಗುತ್ತಿದ್ದ, ಅತ್ತೆಯ ಉಸಿರಿಲ್ಲದೆ ಆ ಕೆಲಸ ಏಳುತ್ತಿರಲಿಲ್ಲ. ಅದೊಂದು ಕಾರಣ. ಇನ್ನೊಂದು ಕಾರಣ ಇನ್ನೂ ಸಣ್ಣದು, ಇನ್ನೂ ನಿಜವಾದದ್ದು. ಏನೂ ಇಲ್ಲ ಅಂತ ಯಾರಾದರೂ ಹೇಳಿಬಿಟ್ಟರೆ ಸಾಕಾಗಿತ್ತು ಅವಳಿಗೆ. ಅಡುಗೆ, ಬಟ್ಟೆ, ಮಗು, ಮೆತ್ತೆ, ಚಿಮಟ ಎಲ್ಲ ಮುಗಿಸಿ ಬಿದ್ದುಕೊಳ್ಳುವ ಹೆಂಗಸಿಗೆ ಇನ್ನೊಂದು ಚಿಂತೆಯನ್ನು ಇಡಲು ಮೈಯಲ್ಲಿ ಜಾಗ ಇರಲಿಲ್ಲ.

ಏನೂ ಇಲ್ಲ ಅಂತಲೇ ಬಂತು. ಡಾಕ್ಟರು ಮಾತ್ರ "ತೂಕ ಇಷ್ಟು ಇಳಿದಿದೆ, ಎದೆಯ ಎಕ್ಸ್‌ರೇ ಒಂದು ತೆಗೆಸಿಬಿಡಿ" ಅಂದರು. ಅತ್ತೆ ಶಾಲು ಸರಿಮಾಡಿಕೊಂಡು ಎದ್ದಳು. "ಇಲ್ಲ ಅಂದ ಮೇಲೆ ಫೋಟೋ ಯಾಕೆ? ಈ ವಯಸ್ಸಲ್ಲಿ ಯಾವ ಗಂಡಿಗೆ ತೋರಿಸ್ಬೇಕು?" ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಸೊಸೆಯೂ ನಕ್ಕಳು.

ಆದರೂ ಒಳಗೆ ಏನೋ ಚುಚ್ಚುತ್ತಿತ್ತು. ಸಮಾಧಾನಕ್ಕೆಂದು ಅವಳು ಅತ್ತೆಯ ತಟ್ಟೆ ಲೋಟ ಬೇರೆ ಇಟ್ಟಳು, ದಿನಾ ಕುದಿಯುವ ನೀರಿನಲ್ಲಿ ಅದ್ದಿ ತೆಗೆದಳು. ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? "ನನ್ನ ಲೋಟಕ್ಕೆ ದಿನಾ ಬಿಸಿನೀರ ಸ್ನಾನ," ಅಂದಳು. "ನನಗಿಲ್ಲದ ಉಪಚಾರ ಅದಕ್ಕೆ!" ಅಷ್ಟಕ್ಕೇ ಬಿಟ್ಟಳು. ಲೋಟ ಹೊಳೆಯುತ್ತಿತ್ತು. ಕಿಟಕಿ ಮುಚ್ಚಿಯೇ ಇತ್ತು.

ಆ ಮುಚ್ಚಿದ ಕೋಣೆಯಲ್ಲಿ ಇನ್ನೊಂದು ಜೀವವೂ ಇತ್ತು. ಸೊಸೆಯ ಮಗಳು. ಇನ್ನೂ ಶಾಲೆಗೆ ಸೇರಿಸುವ ವಯಸ್ಸಲ್ಲ. ಹುಟ್ಟಿದಾಗಿನಿಂದ ಮೈಮೇಲೆ ಎಲ್ಲಾದರೊಂದು ಕಡೆ ಚಿನ್ನದ ಚೂರು ಅಂಟಿಸಿಕೊಂಡೇ ಓಡಾಡುತ್ತಿದ್ದುದರಿಂದ ಎಲ್ಲರೂ ಮಿಣುಕಿ ಅಂತಲೇ ಕರೆಯುತ್ತಿದ್ದರು. ಮಿಣುಕಿಗೆ ಅಜ್ಜಿಯ ತೊಡೆಯೇ ಸಿಂಹಾಸನ. ಕೆಲಸದ ನಡುವೆ ಅಜ್ಜಿ ಕತ್ತರಿಸಿ ಉಳಿದ ಚೂರೊಂದನ್ನು ಅವಳ ಮೂಗಿನ ತುದಿಗೆ ಇಡುತ್ತಿದ್ದಳು. ಮಗು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅಜ್ಜಿ ಮುಖದ ಹತ್ತಿರ ಮುಖ ತಂದು, 'ಪ' ಅಂತ ಊದುತ್ತಿದ್ದಳು. ಚೂರು ಹಾರುತ್ತಿತ್ತು. ಮಗು ನಗಲಿಕ್ಕೆ ಅಂಗಳಕ್ಕೆ ಓಡುತ್ತಿತ್ತು. ಆ ಮನೆಯ ಮಗುವಿಗೆ ಅಷ್ಟು ಶಿಸ್ತು ಆಗಲೇ ಬಂದಿತ್ತು. ನಕ್ಕು ಮುಗಿಸಿ ಮತ್ತೆ ಬಂದು "ಅಜ್ಜಿ, ಇನ್ನೊಂದ್ಸಲ" ಅಂತ ಮೂಗು ಒಡ್ಡುತ್ತಿತ್ತು.

ಆಮೇಲೆ ಮಿಣುಕಿ ಓಡುವುದನ್ನು ಕಡಿಮೆ ಮಾಡಿದಳು.

ಮಕ್ಕಳು ಸುಮ್ಮನಾದರೆ ದಣಿದ ತಂದೆತಾಯಿಗೆ ಅದೊಂದು ಪುಕ್ಕಟೆ ಸಿಕ್ಕ ರಜೆ. ಯಾಕೆ ಸುಮ್ಮನಿದ್ದಾರೆ ಅಂತ ಕೇಳಿ ಆ ರಜೆಯನ್ನು ಹಾಳುಮಾಡಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ. ಅದರಲ್ಲೂ ಆ ಮನೆಯಲ್ಲಿ ಅಲ್ಲಾಡದೆ ಕೂರುವುದಕ್ಕಿಂತ ದೊಡ್ಡ ಗುಣ ಇನ್ನೊಂದಿರಲಿಲ್ಲ. ಪರದೆ ಎಳೆದಾಡುತ್ತಿದ್ದ ಮಗು ಗೋಡೆಗೆ ಒರಗಿ ಕೂತು ಅಜ್ಜಿಯ ಕೈಯನ್ನೇ ನೋಡತೊಡಗಿದಾಗ ಅತ್ತೆಯ ಮುಖ ಅರಳಿತು.

"ನೋಡೇ, ಕೈಗೆ ಬಂದ್ಲು. ಇವಳು ನಮ್ಮ ರಕ್ತ. ನಿನ್ನ ಹಾಗೆ ಬೇಕರಿ ಅಲ್ಲ."

ಸೊಸೆಗೂ ಹೆಮ್ಮೆಯಾಯಿತು. ಮಗಳ ತಲೆ ಸವರಿದಳು. ತಲೆ ಸ್ವಲ್ಪ ಬಿಸಿಯಿತ್ತು. ಕೋಣೆಯೇ ಸೆಕೆ, ಅಂದುಕೊಂಡಳು.

ಊಟ ಬೇಡ ಅಂದಳು ಮಿಣುಕಿ. ತಿಂದದ್ದನ್ನು ಕಕ್ಕಿದಳು. ಬೀದಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಹುಳುವಿನ ಔಷಧಿ ಕೊಟ್ಟರು. ಕಕ್ಕುವುದು ನಿಂತ ಹಾಗಾಗಿ ಮತ್ತೆ ಶುರುವಾಯಿತು. ಎತ್ತಿಕೊಂಡರೆ ಅಳು, ಇಳಿಸಿದರೆ ಅಳು. ದೀಪ ಹಾಕಿದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಒಂದು ದಿನ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಅಂದಳು, "ಅಮ್ಮಾ, ಅಪ್ಪಂಗೆ ನಿಲ್ಸು ಅನ್ನು. ತಲೆ ಒಳಗೆ ಬಡೀತಿದಾನೆ."

ಹಿತ್ತಲಿನ ಶೆಡ್ಡಿನಲ್ಲಿ ಸುತ್ತಿಗೆ ಆಗ ಸುಮ್ಮನಿತ್ತು. ಅವನು ಊಟಕ್ಕೆ ಕೂತಿದ್ದ. ತುತ್ತು ಕೈಯಲ್ಲೇ ಉಳಿಯಿತು.

ಮರುದಿನ ಮಧ್ಯಾಹ್ನ ಅತ್ತೆ ಮಗುವನ್ನು ರಮಿಸಲು ತೊಡೆಯ ಮೇಲೆ ಕೂರಿಸಿಕೊಂಡು ಮೂಗಿನ ತುದಿಗೆ ಚಿನ್ನದ ಚೂರು ಇಟ್ಟಳು. ಮಗು ಕಣ್ಣು ಮುಚ್ಚಲಿಲ್ಲ. ಅಜ್ಜಿ ಊದಿದಳು. ಚೂರು ಹಾರಿತು. ಆಗಲೂ ರೆಪ್ಪೆ ಮಿಟುಕಲಿಲ್ಲ. ಒಂದು ಕಣ್ಣು ಮೂಗಿನ ಕಡೆ ವಾಲಿ ಅಲ್ಲೇ ನಿಂತಿತ್ತು.

"ಏನೇ, ಇಲ್ಲಿ ಬಾ," ಅಂದಳು ಅತ್ತೆ. ಆ ಕೋಣೆಯಲ್ಲಿ ಅವಳು ದನಿ ಏರಿಸಿದ್ದು ಅದೇ ಮೊದಲು. ಮೆತ್ತೆಯ ಮೇಲಿದ್ದ ರೇಕೆಲ್ಲ ಎದ್ದು ಹಾರಿತು. ಯಾರೂ ಅದರ ಕಡೆ ನೋಡಲಿಲ್ಲ. ಮಗುವಿನ ಕೈಕಾಲು ಸೆಟೆದು ನಡುಗುತ್ತಿದ್ದವು.

ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಮಂಚಗಳು ಸಾಲಾಗಿದ್ದವು, ಮಂಚಗಳ ಕೆಳಗೆ ತಾಯಂದಿರ ಚಾಪೆಗಳು. ಮಿಣುಕಿಯನ್ನು ಒಳಗೆ ಕರೆದೊಯ್ದು, ಬಿಲ್ಲಿನಂತೆ ಬಗ್ಗಿಸಿ ಹಿಡಿದು, ಬೆನ್ನುಮೂಳೆಯ ಸಂದಿನಿಂದ ಸೂಜಿಯಲ್ಲಿ ನೀರು ತೆಗೆದರು. ಬಾಗಿಲಾಚೆಗೆ ನಿಂತ ಸೊಸೆ ಅಳು ಕೇಳಿಸುತ್ತದೆ ಅಂತ ಕಾದಳು. ಅಳು ಕೇಳಿಸಲಿಲ್ಲ.

ಮಕ್ಕಳ ಡಾಕ್ಟರಮ್ಮ ಮೂವರನ್ನೂ ಕರೆದರು. ಕಣ್ಣ ಕೆಳಗೆ ಕಪ್ಪು ಇದ್ದ ಹೆಂಗಸು. ಕುರ್ಚಿ ಎಳೆದು ಅವರ ಎದುರಿಗೇ ಕೂತರು.

"ಮಿದುಳಿನ ಸುತ್ತ ಇರೋ ಪೊರೆಗೆ ಸೋಂಕಾಗಿದೆ. ನೋಡಿದ್ರೆ ಕ್ಷಯದ ಥರ ಕಾಣ್ತಿದೆ. ಟೀಬಿ. ಪಕ್ಕಾ ಆಗೋಕೆ ಟೈಮ್ ಹಿಡಿಯತ್ತೆ, ಆದರೆ ಕಾಯೋ ಹಾಗಿಲ್ಲ, ಔಷಧಿ ಈಗಲೇ ಶುರು ಮಾಡ್ತೀನಿ. ಇಷ್ಟು ಸಣ್ಣ ಮಕ್ಕಳಿಗೆ ಇದು ಹೆಚ್ಚಾಗಿ ಹತ್ತಿರದ ದೊಡ್ಡವರಿಂದ ಬರತ್ತೆ. ಮನೇಲಿ ಯಾರಿಗಾದ್ರೂ ಕೆಮ್ಮು ಇದ್ಯಾ?"

"ಇಲ್ಲ," ಅಂದ ಗಂಡ ತಟ್ಟನೆ. "ನಮ್ಮನೇಲಿ ಯಾರೂ ಕೆಮ್ಮಲ್ಲ."

ಅಂಥ ಹೊತ್ತಿನಲ್ಲೂ ಆ ಮಾತಿನಲ್ಲಿ ಹಳೆಯ ಹೆಮ್ಮೆಯ ಎಳೆ ಇತ್ತು. ಡಾಕ್ಟರಮ್ಮ ತಲೆಯಾಡಿಸಿ ಮತ್ತೆ ಕೇಳಿದರು. "ಸಣ್ಣಗಾಗಿರೋರು? ಸಂಜೆ ಜ್ವರ, ಮಲಗಿದಾಗ ಬೆವರು?"

ಅತ್ತೆ ಬಾಗಿಲ ಹತ್ತಿರ ಶಾಲು ಹೊದ್ದು ನಿಂತಿದ್ದಳು. ಗಂಟಲು ಏರಿತು, ಇಳಿಯಿತು. ಸೊಸೆ ಅದನ್ನು ನೋಡಿದಳು. ಅವಳು ಬಾಯಿ ಬಿಟ್ಟರೆ ಈ ಮನೆ ಮುಂದೆ ಈ ಮನೆಯಾಗಿ ಉಳಿಯುವುದಿಲ್ಲ ಅಂತ ಗೊತ್ತಿತ್ತು. ಬಿಡದಿದ್ದರೆ ಮಗು ವಾಸಿಯಾದರೂ ಮತ್ತೆ ಅದೇ ಕೋಣೆಗೆ, ಅದೇ ತೊಡೆಗೆ ಹೋಗಬೇಕು.

"ಅತ್ತೆ ಕೆಮ್ಮಲ್ಲ," ಅಂದಳು. "ನುಂಗ್ತಾರೆ."

"ಪರೀಕ್ಷೆ ಮಾಡ್ಸಿದೀವಲ್ಲ!" ಅತ್ತೆ ಅಂದಳು. "ಏನಿಲ್ಲ ಅಂದಿದಾರಲ್ಲ!"

"ಅದು ಎಂಜಲು ಅತ್ತೆ. ನಿಮಗೂ ಗೊತ್ತಿತ್ತು. ನನಗೂ ಗೊತ್ತಿತ್ತು."

ಗಂಡ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದ. ಸುತ್ತಿಗೆ ಹಿಡಿದು ದಡ್ಡುಗಟ್ಟಿದ ಅಂಗೈಯನ್ನು ತೊಡೆಗೆ ಉಜ್ಜಿಕೊಳ್ಳುತ್ತ ಕೂತ.

"ಡಾಕ್ಟ್ರೇ, ನಾನು ಇವರ ಲೋಟ ತಟ್ಟೆ ಎಲ್ಲ ಬೇರೆ ಇಟ್ಟಿದ್ದೆ," ಅಂದಳು ಸೊಸೆ. "ದಿನಾ ಕುದಿಸ್ತಿದ್ದೆ."

"ಲೋಟದಿಂದ ಬರಲ್ಲಮ್ಮ ಇದು. ಗಾಳಿಯಿಂದ ಬರತ್ತೆ. ಕೆಮ್ಮಿದಾಗ, ಮಾತಾಡಿದಾಗ, ಊದಿದಾಗ ಹೊರಗೆ ಬಂದಿದ್ದು ಗಾಳೀಲಿ ತೇಲ್ತಾ ಇರತ್ತೆ."

"ಆದ್ರೆ ನಮ್ಮ ಕೋಣೇಲಿ ಗಾಳೀನೇ ಆಡಲ್ವಲ್ಲ."

"ಅದೇ," ಅಂದರು ಡಾಕ್ಟರಮ್ಮ. "ಆಡಿದ್ರೆ ಆಚೆ ಹೋಗ್ತಿತ್ತು."

ಊದಿದಾಗ ಅನ್ನುವ ಒಂದು ಮಾತು ಮಾತ್ರ ಅತ್ತೆಯ ಕಿವಿಯಲ್ಲಿ ನಿಂತಿರಬೇಕು. ಅವಳು ಗೋಡೆ ಹಿಡಿದುಕೊಂಡು ನಿಧಾನವಾಗಿ ಕುಕ್ಕರಿಸಿದಳು. ತುಟಿಗಳನ್ನು ಒಳಗೆಳೆದು, ಹಲ್ಲಿನಲ್ಲಿ ಕಚ್ಚಿ ಹಿಡಿದಳು, ಇನ್ನು ಮುಂದೆ ಅಲ್ಲಿಂದ ಒಂದು ಉಸಿರೂ ಹೊರಬೀಳಕೂಡದು ಅನ್ನುವ ಹಾಗೆ.

ಮರುದಿನ ಅತ್ತೆಯನ್ನು ಎದೆರೋಗದ ವಿಭಾಗದ ಹಿಂದಿದ್ದ ಬಯಲಿಗೆ ಕರೆದೊಯ್ದರು. ಮೇಲೆ ತಗಡಿನ ಮಾಡು, ಸುತ್ತ ಗೋಡೆಯಿಲ್ಲ. ಎಕ್ಸ್‌ರೇಯಲ್ಲಿ ಎದೆಯ ಬಲಗಡೆ ಮೇಲ್ಭಾಗದಲ್ಲಿ ರೋಗ ಕೊರೆದ ಒಂದು ಬಿಲ ಕಂಡಿತ್ತು. ಆದರೂ ಕಫ ಬೇಕೇಬೇಕು ಅಂದರು. ಯಾವ ಔಷಧಿಗೆ ಆ ಕ್ರಿಮಿ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಅಂತ ಕಫದಿಂದಲೇ ತಿಳಿಯಬೇಕು. ಮಗುವಿನ ಬೆನ್ನಿನ ನೀರಿನಲ್ಲಿ ಕ್ರಿಮಿ ಸಿಗುವುದು ಕಷ್ಟ, ಅಜ್ಜಿಯ ಕಫ ಸಿಕ್ಕರೆ ಮೊಮ್ಮಗಳ ಔಷಧಿಗೂ ಅದೇ ದಾರಿ ತೋರಿಸುತ್ತದೆ. ಡಾಕ್ಟರಮ್ಮ ಇದನ್ನು ಬಿಡಿಸಿ ಹೇಳಿದ್ದರು.

ಉಪ್ಪುನೀರಿನ ಹಬೆಯ ಕೊಳವೆಯನ್ನು ಅತ್ತೆಯ ಮುಖಕ್ಕೆ ಹಿಡಿದರು. ಹಬೆ ಒಳಗೆ ಹೋದಂತೆ ಎದೆ ಕುಲುಕಿತು. ಗಂಟಲು ಮೇಲೆ ಬಂತು. ಗದ್ದ ಎದೆಗೆ ಹೋಯಿತು. ನರ್ಸು "ನುಂಗ್ಬೇಡಿ ಅಮ್ಮ!" ಅಂದಳು. ಅಷ್ಟರಲ್ಲಿ ನುಂಗಿ ಆಗಿತ್ತು.

"ಆಗ್ತಿಲ್ಲ ಕಣೇ," ಅಂದಳು ಅತ್ತೆ. ಕಣ್ಣಲ್ಲಿ ನೀರು. "ಬೇಕು ಅಂತ ಮಾಡ್ತಿಲ್ಲ. ಅದೇ ಹೋಗ್ತಿದೆ."

"ಗೊತ್ತು ಅತ್ತೆ."

"ಎಲ್ಲರೂ ನೋಡ್ತಿದಾರೆ."

"ನೋಡ್ಲಿ."

ಮೂತಿಗೆ ಮಾಸ್ಕು ಕಟ್ಟಿಕೊಂಡಿದ್ದ ಸೊಸೆ ಅತ್ತೆಯ ಬೆನ್ನ ಹಿಂದೆ ಬಂದು ನಿಂತಳು. ಒಂದು ಕೈಯಿಂದ ಹಣೆ ಹಿಡಿದು ಗದ್ದ ಕೆಳಗೆ ಬರದ ಹಾಗೆ ತಲೆಯನ್ನು ಎತ್ತಿದಳು. ಇನ್ನೊಂದು ಕೈಯಿಂದ ಬೆನ್ನು ತಟ್ಟಿದಳು. ಆಮೇಲೆ ತಾನೇ ಕೆಮ್ಮಿದಳು. ಬೇಕರಿಯವನ ಮಗಳ ಎದೆ ಅದು, ಹಿಟ್ಟಿನ ಮೂಟೆ ಕೊಡವಿದಂತೆ ಕೆಮ್ಮಿದಳು, ಮತ್ತೆ ಮತ್ತೆ ಕೆಮ್ಮಿದಳು. ಎಷ್ಟು ವರ್ಷದಿಂದ ತಾನೂ ನುಂಗಿದ್ದಳೋ ಅದೆಲ್ಲ ಹೊರಬಂತು. ಅತ್ತೆ ಬೆಚ್ಚಿ ಬಾಯಿ ತೆರೆದಳು, ತೆರೆದ ಬಾಯಿಂದ ಅವಳ ಕೆಮ್ಮು ಹೊರಬಿತ್ತು. ತುಕ್ಕು ಹಿಡಿದ ಬಾಗಿಲು ಕಿತ್ತುಕೊಂಡು ತೆರೆದ ಹಾಗಿತ್ತು ಆ ಸದ್ದು. ಒಂದು ಬಂದ ಮೇಲೆ ಅದರ ಹಿಂದೆ ಇನ್ನೊಂದು. ನರ್ಸು ಡಬ್ಬಿ ಹಿಡಿದಳು. ಹಳದಿ ಗಟ್ಟಿ, ನಡುವೆ ರಕ್ತದ ಎಳೆ.

ಮುಗಿದ ಮೇಲೆ ಅತ್ತೆ ಬಾಯಿ ಒರೆಸಿಕೊಂಡು ಸುತ್ತ ನೋಡಿದಳು. ಯಾರೂ ನೋಡುತ್ತಿರಲಿಲ್ಲ. ಅಲ್ಲಿದ್ದವರೆಲ್ಲ ತಮ್ಮ ತಮ್ಮ ಕೆಮ್ಮಿನಲ್ಲಿ ಮುಳುಗಿದ್ದರು.

ಕಫದ ತುಂಬ ಕ್ರಿಮಿ ಇತ್ತು. ಪುಣ್ಯಕ್ಕೆ ಮಾಮೂಲಿ ಔಷಧಿಗಳಿಗೇ ಬಗ್ಗುವಂಥದ್ದು. ಗಂಡ ಹೆಂಡತಿಯನ್ನೂ ಪರೀಕ್ಷಿಸಿದರು, ಅವರಿಗೆ ರೋಗ ಎದ್ದಿರಲಿಲ್ಲ. ಅತ್ತೆಗೆ ದಿನಾ ಖಾಲಿ ಹೊಟ್ಟೆಯಲ್ಲಿ ಹಿಡಿ ಮಾತ್ರೆ. ಮೊದಲ ದಿನವೇ ಬಚ್ಚಲಿನಿಂದ ಹೆದರಿಕೊಂಡು ಬಂದಳು, ಮೂತ್ರವೆಲ್ಲ ಕಿತ್ತಳೆ ಬಣ್ಣ. ಮಾತ್ರೆಯ ಗುಣ ಅದು, ಏನೂ ಆಗುವುದಿಲ್ಲ ಅಂತ ನರ್ಸು ಹೇಳಿದಳು. "ನೋಡೇ, ಈಗ ಒಳಗಿಂದಲೇ ಚಿನ್ನ ಬರ್ತಿದೆ," ಅಂದಳು ಅತ್ತೆ. ಹಿಂದಾಗಿದ್ದರೆ ಸೊಸೆ ಅಂಗಳಕ್ಕೆ ಓಡಿ ನಕ್ಕು ಬರುತ್ತಿದ್ದಳು. ಈಗ ಮಾತ್ರೆಯ ಖಾಲಿ ಪಟ್ಟಿಯನ್ನು ಮಡಚಿ ಬುಟ್ಟಿಗೆ ಹಾಕಿದಳು, ಅಷ್ಟೆ.

ಮಿಣುಕಿ ಬಹಳ ದಿನ ಕಣ್ಣು ಬಿಡಲಿಲ್ಲ. ಮೂಗಿನಲ್ಲಿ ನಳಿಗೆ, ಕೈಯಲ್ಲಿ ಸೂಜಿ. ತಲೆಯೊಳಗೆ ತುಂಬಿಕೊಂಡ ನೀರು ಇಳಿಯಲೆಂದು ಕೂದಲು ಬೋಳಿಸಿ ಇನ್ನೊಂದು ನಳಿಗೆ ಹಾಕಿದರು. ಬೋಳಿಸಿದ ತಲೆಯ ಮೇಲೆ, ಕಿವಿಯ ಹಿಂದೆ, ಯಾವ ಕಾಲದ್ದೋ ಒಂದು ಚಿನ್ನದ ಚೂರು ಅಂಟಿತ್ತು. ಸೊಸೆ ಅದನ್ನು ಉಗುರಿನಿಂದ ಕೆರೆದು ತೆಗೆದಳು.

ಒಂದು ಬೆಳಗ್ಗೆ ಮಗು "ಅಮ್ಮ" ಅಂದಿತು. ವಾರ್ಡಿನ ತಾಯಂದಿರೆಲ್ಲ ಚಾಪೆಯಿಂದ ಎದ್ದು ಬಂದರು. ಸೊಸೆ ಮಗಳ ಮುಖದ ಮೇಲೆ ಬಾಗಿ "ಇಲ್ಲೇ ಇದೀನಿ ಮರಿ" ಅಂದಳು. ಮಗು ಅವಳ ಕಡೆಗೇ ಮುಖ ಮಾಡಿತು. ಕಣ್ಣು ಮಾತ್ರ ಅವಳನ್ನು ದಾಟಿ ಎಲ್ಲೋ ನೋಡುತ್ತಿತ್ತು. "ದೀಪ ಹಾಕು," ಅಂದಿತು.

ಕಿಟಕಿಯಿಂದ ಬಿಸಿಲು ಮಂಚದ ಮೇಲೇ ಬಿದ್ದಿತ್ತು.

ಡಾಕ್ಟರಮ್ಮ ಪುಟ್ಟ ಟಾರ್ಚಿನಿಂದ ಎರಡೂ ಕಣ್ಣು ನೋಡಿದರು. ಜೀವಕ್ಕೆ ಇನ್ನು ಭಯವಿಲ್ಲ, ನಡೆಯುತ್ತಾಳೆ, ಮಾತಾಡುತ್ತಾಳೆ, ಔಷಧಿಯನ್ನು ಮಾತ್ರ ಒಂದು ದಿನವೂ ಬಿಡದೆ ಇನ್ನೂ ಬಹಳ ಕಾಲ ಕೊಡಬೇಕು ಅಂದರು. ಕಣ್ಣಿನ ನರ ಒತ್ತಡಕ್ಕೆ ಸಿಕ್ಕಿ ಸೋತಿದೆ, ಅದು ಮರಳುತ್ತದೆ ಅಂತ ಮಾತು ಕೊಡಲಾರೆ ಅಂದರು. ಇನ್ನೂ ಮೊದಲೇ ಬಂದಿದ್ದರೆ ಅಂತ ಅವರು ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ತಿಳಿಯಾದ ಎಂಜಲು, ಮೇಲೆ ನೊರೆ, ಆ ಡಬ್ಬಿ ಸೊಸೆಯ ಕಣ್ಣ ಮುಂದೆ ಬಂದು ನಿಂತಿತು. ಅವಳು ಬದುಕಿರುವಷ್ಟು ಕಾಲ ಅದು ಅಲ್ಲಿಂದ ಕದಲುವುದಿಲ್ಲ.

ಮಗುವನ್ನು ಮನೆಗೆ ತರುವ ಮುಂಚೆ ಗಂಡ ಕಿಟಕಿಯ ಕಾಗದ ಕಿತ್ತ. ತಾನು ಅಂಟಿಸಿದ ಪದರ ಬೇಗ ಬಂತು, ಅಪ್ಪನದು ಮರಕ್ಕೇ ಹತ್ತಿಕೊಂಡಿತ್ತು. ಉಳಿ ಹಾಕಿ ಕಿತ್ತ. ಕಂಬಳಿಯ ಪರದೆಯನ್ನು ಬಿಸಿಲಿಗೆ ಎಸೆದ. ಹೆಂಡತಿಯೊಡನೆ ಅವನು ಅವಶ್ಯಕ್ಕೆ ತಕ್ಕಷ್ಟೇ ಮಾತಾಡುತ್ತಿದ್ದ, ತಾಯಿಯೊಡನೆ ಅದೂ ಇಲ್ಲ. ಕಿಟಕಿ ತೆರೆದುಕೊಂಡಾಗ ಮೂಲೆ ಮೂಲೆಗಳಲ್ಲಿ ಸೇರಿಕೊಂಡಿದ್ದ ಚಿನ್ನದ ಪುಡಿಯೆಲ್ಲ ಎದ್ದು, ಸ್ವಲ್ಪ ಹೊತ್ತು ಕೋಣೆಯ ತುಂಬ ಮಿನುಗಿ, ಹೊರಗೆ ಹೋಯಿತು.

ಚೌಕಟ್ಟಿನ ಅಂಗಡಿಯವನು ಬಂದು ಹೊಸ್ತಿಲಲ್ಲೇ ನಿಂತ. "ಕಿಟಕಿ ತೆಗೆದಿಟ್ಕೊಂಡು ರೇಕು ಹೇಗಮ್ಮ ಎತ್ತೋದು?"

"ಎತ್ತಲ್ಲ," ಅಂದಳು ಸೊಸೆ.

"ಮತ್ತೆ ನನ್ನ ಚಾವಣಿ?"

"ಬೇರೆ ಕೈ ನೋಡ್ಕೊಳ್ಳಿ ಅಣ್ಣಾ."

ಅವನು ಅಂಗಳದ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತಿದ್ದ ಅತ್ತೆಯ ಕಡೆ ನೋಡಿದ. ಅತ್ತೆ ಮುಖ ತಿರುಗಿಸಿದಳು. ಈಗ ಅವಳಿಂದ ಯಾರಿಗೂ ಹರಡುವುದಿಲ್ಲ ಅಂತ ಆಸ್ಪತ್ರೆಯವರು ಹೇಳಿಯಾಗಿತ್ತು. ಆದರೂ ಅವಳು ಒಳಗೆ ಬರುತ್ತಿರಲಿಲ್ಲ. ಊಟವೂ ಅಲ್ಲೇ, ಕೂರುವುದೂ ಅಲ್ಲೇ. ತಾನು ಮೊಮ್ಮಗಳ ಹತ್ತಿರ ಸುಳಿಯುವುದಿಲ್ಲ ಅಂತ ತಾನೇ ಗೆರೆ ಎಳೆದುಕೊಂಡಿದ್ದಳು.

ಮಿಣುಕಿ ಮನೆಗೆ ಬಂದ ದಿನ ಅಪ್ಪ ಅವಳನ್ನು ಎತ್ತಿಕೊಂಡು ಬಂದು ಕೋಣೆಯ ನಡುವೆ, ಮೊದಲು ಮೆತ್ತೆ ಇರುತ್ತಿದ್ದ ಜಾಗದಲ್ಲಿ ಕೂರಿಸಿದ. ಹೊರಗಿನಿಂದ ಒಂದು ಗಾಳಿ ಬಂತು. ಮಗು ತಟ್ಟನೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮೂಗು ಮುಂದೆ ಮಾಡಿ ಕೂತಿತು.

"ಅಜ್ಜಿ, ಇನ್ನೊಂದ್ಸಲ," ಅಂದಿತು.

"ಅಜ್ಜಿ ಅಲ್ಲ ಮರಿ. ಗಾಳಿ. ಕಿಟಕಿ ತೆಗೆದಿದೀವಿ."

"ಅಜ್ಜಿ ಎಲ್ಲಿ?"

ಸೊಸೆ ಕಿಟಕಿಯಿಂದ ನೋಡಿದಳು. ಸ್ಟೂಲಿನ ಮೇಲೆ ಅತ್ತೆ ತುಟಿ ಬಿಗಿದುಕೊಂಡು ಕೂತಿದ್ದಳು. ಕೇಳಿಸಿತ್ತು ಅವಳಿಗೆ. ಗಂಟಲು ಏರಿತು, ಗದ್ದ ಕೆಳಗೆ ಹೋಗಲು ನೋಡಿತು, ಆಗಲಿಲ್ಲ. ಕೆಮ್ಮು ಹೊರಬಿತ್ತು, ಅಂಗಳದ ಗೋಡೆಗೆ ತಾಗಿ ಮನೆಯೊಳಗೆ ಬಂತು.

ಮಗು ತಲೆ ತಿರುಗಿಸಿತು. "ಅದ್ಯಾರು?"

"ಅಜ್ಜಿ."

ಮಿಣುಕಿ ತಲೆ ಅಲ್ಲಾಡಿಸಿದಳು. "ಅಜ್ಜಿ ಅಲ್ಲ," ಅಂದಳು ಗಟ್ಟಿಯಾಗಿ. "ನಮ್ಮಜ್ಜಿ ಕೆಮ್ಮಲ್ಲ."

ಹೊರಗೆ ಅತ್ತೆ ಶಾಲನ್ನು ಬಾಯಿಗೆ ತುರುಕಿಕೊಳ್ಳುವುದು ಕಂಡಿತು. ಸೊಸೆ ಕಿಟಕಿಯ ಸರಳು ಹಿಡಿದು ನಿಂತಳು. ಈ ಹೆಂಗಸಿನ ಮೇಲೆ ತನಗಿರುವುದು ಸಿಟ್ಟೋ, ಕನಿಕರವೋ, ತನ್ನ ಮೇಲಿನದೇ ಸಿಟ್ಟೋ, ಬಿಡಿಸಿ ನೋಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ಹಿಂದೆ ಮಗು ಎದ್ದಿತ್ತು. ಎರಡೂ ಕೈ ಮುಂದೆ ಚಾಚಿ, ಬಾಗಿಲು ಯಾವ ಕಡೆ ಅಂತ ತಿಳಿಯದೆ, ಗೋಡೆಯ ಕಡೆ ಒಂದು ಹೆಜ್ಜೆ ಇಟ್ಟಿತ್ತು.

"ಶಾಲು ತೆಗೀರಿ ಅತ್ತೆ," ಅಂದಳು ಸೊಸೆ. "ಕೆಮ್ಮಿ. ಅವಳಿಗೆ ದಾರಿ ಗೊತ್ತಾಗಬೇಕು."